ಕೌದಿಯ ಒಳಪದರದ ಸೀರೆ

ಆ ಸೀರೆಯನ್ನು ಕದ್ದವಳು ನಾನು. ಬಟ್ಟೆ ಒಗೆಯುತ್ತಿದ್ದ ಹೆಂಗಸು ಕದ್ದಳು ಅಂತ ನಮ್ಮ ಮನೆಯಲ್ಲಿ ಹದಿನಾಲ್ಕು ವರ್ಷ ಹೇಳಿಕೊಂಡು ಬಂದದ್ದು ಸುಳ್ಳು. ಹಾಸನದಲ್ಲಿ ಬಟ್ಟೆಯ ಪ್ರದರ್ಶನ ಮಾಡಿದ ಹುಡುಗಿ ನಮ್ಮ ಮನೆಯ ಮಾನ ಕಳೆದಳು ಅಂತ ಆಮೇಲೆ ನೆಂಟರು ಆಡಿಕೊಂಡದ್ದೂ ಸುಳ್ಳು. ಅವಳು ಹೊಲಿಗೆ ಬಿಚ್ಚಿದಳು, ಅಷ್ಟೇ. ಒಳಗೆ ಇಟ್ಟವಳು ನಾನು.

ನಮ್ಮದು ಹೊಳೆನರಸೀಪುರಕ್ಕೆ ನಾಲ್ಕು ಮೈಲಿ ದೂರದ ಊರು. ಒಂದೇ ಮನೆಯಲ್ಲಿ ಇಬ್ಬರು ಸೊಸೆಯರು. ನನ್ನ ಓರಗಿತ್ತಿ ದೊಡ್ಡವಳು, ನಾನು ಚಿಕ್ಕವಳು. ಅವಳನ್ನು ಅಕ್ಕ ಅಂತಲೇ ಕರೆಯುತ್ತೇನೆ. ಗೌರಿ ಹಬ್ಬ ಬಂತೆಂದರೆ ಚನ್ನರಾಯಪಟ್ಟಣದ ಕಡೆಯಿಂದ ಅವಳ ಅಣ್ಣ ಬಾಗಿನದ ಜೊತೆಗೊಂದು ಸೀರೆ ಹಿಡಿದುಕೊಂಡು ಬರುತ್ತಿದ್ದ. ನನಗೂ ಇಬ್ಬರು ತಮ್ಮಂದಿರು. ನಮ್ಮವ್ವ ಸತ್ತ ಮೇಲೆ ಅವರಿಗೆ ಗೌರಿ ಹಬ್ಬ ಯಾವ ತಿಂಗಳು ಅನ್ನುವುದೇ ಮರೆತುಹೋಯಿತು. ಅಕ್ಕ ಹೊಸ ಸೀರೆ ಉಟ್ಟು ಬೀದಿಯಲ್ಲೆಲ್ಲ ಬಾಗಿನ ಕೊಟ್ಟು ಬರುವಾಗ ನಾನು ಒಲೆ ಮುಂದೆ ಒಬ್ಬಟ್ಟು ಬೇಯಿಸುತ್ತಿದ್ದೆ.

ಆ ವರ್ಷ ಬಂದದ್ದು ಕನಕಾಂಬರ ಬಣ್ಣದ ನೂಲಿನ ಸೀರೆ, ಎಲೆಹಸಿರು ಅಂಚು. ಹಬ್ಬದ ದಿನವೇ ಅದರ ಸೆರಗು ಬಾಗಿಲ ಚಿಲಕಕ್ಕೆ ಸಿಕ್ಕಿ ಒಂದು ಬೆರಳುದ್ದ ಹರಿಯಿತು. ಆ ಬಣ್ಣದ ದಾರ ಮನೆಯಲ್ಲಿರಲಿಲ್ಲ. ಅಕ್ಕ ಅರಿಸಿನ ಬಣ್ಣದ ದಾರದಲ್ಲೇ ಹೊಲಿದುಕೊಂಡಳು. ಇರುವೆ ಸಾಲಿನ ಹಾಗೆ ಸಣ್ಣ ಹೊಲಿಗೆ. ಅವಳ ಕೈ ಅಚ್ಚುಕಟ್ಟು.

ಆಮೇಲೆ ಅದು ಒಗೆಯಲು ಹೋಯಿತು. ಒಗೆದ ಬಟ್ಟೆಯ ಗಂಟು ವಾಪಸ್ಸು ಬಂದಾಗ ಅಕ್ಕ ಹೊಲದಲ್ಲಿದ್ದಳು. ಗಂಟು ಬಿಚ್ಚಿ ಬಟ್ಟೆ ಎಣಿಸಿಕೊಂಡವಳು ನಾನು. ಸೀರೆ ಇತ್ತು. ತೆಗೆದು ನನ್ನ ಟ್ರಂಕಿನ ತಳಕ್ಕೆ ಹಾಕಿದೆ. ನನಗಾಗ ನಲವತ್ತು ದಾಟಿತ್ತು, ಮದುವೆಗೆ ಬಂದ ಮಗಳಿದ್ದಳು, ಏನೂ ತಿಳಿಯದ ವಯಸ್ಸಲ್ಲ. ಉಡುವ ಆಸೆಯೂ ಇರಲಿಲ್ಲ. ಅವಳ ಹತ್ತಿರ ಇರಬಾರದು ಅನ್ನಿಸಿತು, ತೆಗೆದೆ.

ಮಾರನೆಯ ವಾರ ಮಡಿವಾಳರ ಹೆಂಗಸು ಬಟ್ಟೆಗೆ ಬಂದಾಗ ಅಕ್ಕ ಜಗಲಿಯ ಮೇಲೇ ಹಿಡಿದುಕೊಂಡಳು. ಬೀದಿಯವರೆಲ್ಲ ನೋಡುತ್ತಿದ್ದರು.

"ಎಲ್ಲೈತಮ್ಮೀ ನನ್ ಸೀರೆ?"

"ಗಂಟ್ನಾಗೇ ಇತ್ತು ಕಣವ್ವಾ. ನನ್ ಕೈಯಾರ ಮಡ್ಸಿ ಇಟ್ಟಿವ್ನಿ."

"ಇಟ್ಟಿದ್ರೆ ರೆಕ್ಕೆ ಬಂದು ಆರೋಯ್ತಾ? ಗಂಟು ಬಿಚ್ಚಿದ್ದು ಇವ್ಳು. ಇವ್ಳನ್ನೇ ಕೇಳು."

ಅವಳು ನನ್ನ ಕಡೆ ತಿರುಗಿದಳು. "ನೀವೇ ಯೋಳಿ ಚಿಕ್ಕವ್ವಾರೇ, ಇತ್ತಲ್ವರಾ?"

"ನಾ ಕಾಣ್ನಮ್ಮ" ಅಂದೆ.

ಬಾಯಿ ಬರಲಿಲ್ಲ ಅಂತ ಬರೆದರೆ ಚೆನ್ನಾಗಿರುತ್ತದೆ. ಬಾಯಿ ಇತ್ತು. ನಾನು ಹೇಳಲಿಲ್ಲ. ನಮ್ಮ ಮನೆಯವರು ಬಟ್ಟೆ ಕೊಡುವುದನ್ನು ನಿಲ್ಲಿಸಿದರು, ನಮ್ಮನ್ನು ನೋಡಿ ಇನ್ನೂ ಮೂರು ಮನೆಯವರು ನಿಲ್ಲಿಸಿದರು. ದೀಪಾವಳಿಯ ಹೊತ್ತಿಗೆ ಅವಳು ಮಕ್ಕಳನ್ನು ಕಟ್ಟಿಕೊಂಡು ಅರಕಲಗೂಡಿನಲ್ಲಿದ್ದ ತಂಗಿಯ ಮನೆಗೆ ಹೊರಟುಹೋದಳು. ಅಲ್ಲಿ ಬಸ್ ಸ್ಟ್ಯಾಂಡಿನ ಹಿಂದೆ ಇಸ್ತ್ರಿ ಅಂಗಡಿ ಇಟ್ಟಳು ಅಂತ ಆಮೇಲೆ ಗೊತ್ತಾಯಿತು. ಎರಡು ಸಲ ಬಸ್ಸಿನ ಕಿಟಕಿಯಿಂದ ಕಂಡೆ. ಎರಡು ಸಲವೂ ಮುಖ ಈ ಕಡೆ ತಿರುಗಿಸಿಕೊಂಡೆ.

ಸೀರೆಯನ್ನು ಸುಡುವುದಕ್ಕೆ ಮನಸ್ಸು ಬರಲಿಲ್ಲ. ಹೊಸ ಬಟ್ಟೆ. ಅಕ್ಕ ಅಣ್ಣನ ಮಗಳ ಬಾಣಂತನ ಮಾಡಲು ತವರಿಗೆ ಹೋದ ತಿಂಗಳು ಕೌದಿ ಹೊಲಿಯಲು ಕೂತೆ. ಮೇಲೆ ತರಾವರಿ ತುಂಡು ಬಟ್ಟೆ, ತಳಕ್ಕೆ ನಮ್ಮತ್ತೆಯ ಹಳೇ ಸೀರೆ, ನಡುವೆ ಎರಡು ಹರಕು ಪಂಚೆ. ಆ ಎರಡು ಪಂಚೆಗಳ ನಡುವೆ ಇದನ್ನು ಹಾಸಿದೆ. ಕೌದಿಗೆ ಸಾಮಾನ್ಯವಾಗಿ ನಾಲ್ಕು ಹೆಂಗಸರು ಸುತ್ತ ಕೂತು, ಅಂಚಿನಿಂದ ನಡುವಿಗೆ ಸುತ್ತು ಹೊಲಿಗೆ ಹಾಕಿಕೊಂಡು ಬರುತ್ತಾರೆ. ನಾನು ಯಾರನ್ನೂ ಕರೆಯಲಿಲ್ಲ. ಒಬ್ಬಳೇ ಮುಗಿಸಿದೆ.

ಹೊದ್ದವಳು ಅಕ್ಕ. ಅವಳಿಗೆ ಚಳಿ ಜಾಸ್ತಿ, ದಪ್ಪ ಕೌದಿ ಅಂತ ಅದನ್ನೇ ಎತ್ತಿಕೊಂಡಳು. ಬೇಡ ಅನ್ನುವುದಕ್ಕೆ ನನ್ನಲ್ಲಿ ಏನು ಕಾರಣವಿತ್ತು?

ವರ್ಷಗಳು ಹೋದವು. ನನ್ನ ಮಗಳಿಗೆ ಮದುವೆಯಾಗಿ ಮೊಮ್ಮಕ್ಕಳು ಬಂದವು. ಕೌದಿಯ ಮೇಲ್ಪದರ ಪಿಸಿಯತೊಡಗಿತು. ಒಂದು ದಿನ ಅಕ್ಕ ಅದನ್ನು ಬಿಸಿಲಿಗೆ ಹಾಕುತ್ತಾ, "ಯುಗಾದಿ ಕಳೀಲಿ, ಇದ್ನ ಪೂರ್ತಿ ಬಿಚ್ಚಿ ಹೊಸ್ದಾಗಿ ಒಲೀತೀನಿ. ಒಳಗಿನ್ ಬಟ್ಟೆ ಇನ್ನೂ ಗಟ್ಟಿಯಾಗೈತೆ" ಅಂದಳು. ಯುಗಾದಿಗೆ ಇನ್ನೆಷ್ಟು ದಿನ ಉಳಿದಿದೆ ಅಂತ ಎಣಿಸಿಕೊಂಡೆ.

ಆ ಹುಡುಗಿ ಬಂದದ್ದು ಅದೇ ದಿನಗಳಲ್ಲಿ. ಹೊಳೆನರಸೀಪುರದ ಮೇಷ್ಟರೊಬ್ಬರ ಮಗಳು. ಮೈಸೂರಿನಲ್ಲಿ ಚಿತ್ರದ ಕಾಲೇಜು ಓದಿ, ಬಣ್ಣ ಕುಂಚ ಬಿಟ್ಟು ಸೂಜಿ ಹಿಡಿದಿದ್ದಳು. ಬಟ್ಟೆಯೇ ಅವಳ ಚಿತ್ರವಂತೆ. ಸ್ಕೂಟಿಯಲ್ಲಿ ಊರೂರು ತಿರುಗಿ ಹಳೇ ಕೌದಿ ನೋಡುತ್ತಿದ್ದಳು. ನಮ್ಮ ಜಗಲಿಯ ಮೇಲೆ ಮೂರು ದಿನ ಕೂತು ನನ್ನಿಂದ ಹೊಲಿಗೆ ಕಲಿತಳು. ಬೆರಳು ಚುಚ್ಚಿಕೊಂಡರೂ ಏಳಲಿಲ್ಲ. ಅಷ್ಟು ಓದಿ ಇದನ್ನು ಯಾಕೆ ಕಲಿಯುತ್ತಾಳೋ ಅಂತ ಅಕ್ಕನಿಗೆ ಸೋಜಿಗ.

"ಇದ್ನ ಕಲ್ತು ಏನ್ ಮಾಡ್ತೀಯವ್ವ? ಅಂಗ್ಡೀಲಿ ಒಳ್ಳೊಳ್ಳೆ ರಗ್ಗು ಸಿಕ್ತವಲ್ಲ."

"ರಗ್ಗಲ್ಲಿ ಯಾರ ಕೈಯೂ ಕಾಣಲ್ಲ ದೊಡ್ಡಜ್ಜಿ. ಇದರಲ್ಲಿ ಕಾಣುತ್ತೆ."

ಕಾಣುತ್ತಿತ್ತು ಅವಳಿಗೆ. ಆ ಕೌದಿಯನ್ನು ಮಡಿಲ ಮೇಲೆ ಹಾಕಿಕೊಂಡು ಬೆರಳಾಡಿಸಿ, "ಅಜ್ಜಿ, ಇದನ್ನ ಒಬ್ಬರೇ ಹೊಲಿದಿದ್ದೀರ ಅಲ್ವಾ? ಅಂಚಲ್ಲಿ ಸಣ್ಣ ಹೊಲಿಗೆ, ನಡುವಿಗೆ ಬರ್ತಾ ಬರ್ತಾ ಉದ್ದ ಆಗಿದೆ. ಏನೋ ಅವಸರ ಇತ್ತು ನಿಮಗೆ" ಅಂದಳು.

"ಚಳಿ ಬಂದ್ಬುಟ್ಟಿತ್ತು ಕಣವ್ವ" ಅಂದೆ.

"ಇದನ್ನ ಪ್ರದರ್ಶನಕ್ಕೆ ಕೊಡ್ತೀರಾ? ಇದರ ಒಳಗಿರೋದನ್ನ ಹೊರಗೆ ತರಬೇಕು ಅಂತ ನಂಗೆ ಆಸೆ."

ಓದಿದವರು ಹೀಗೆ ಮಾತಾಡುತ್ತಾರೆ ಅಂದುಕೊಂಡೆ. ಹಾಸನದಲ್ಲಿ ಗೋಡೆಗೆ ನೇತುಹಾಕುತ್ತಾಳೆ, ಅಲ್ಲಿಂದ ಮೈಸೂರೋ ಬೆಂಗಳೂರೋ, ಇನ್ಯಾವುದೋ ಗೋಡೆ. ಗೋಡೆಯ ಮೇಲಿರುವುದನ್ನು ಯಾರು ಬಿಚ್ಚುತ್ತಾರೆ? ಅಕ್ಕನ ಕತ್ತರಿಯಿಂದ ತಪ್ಪಿತಲ್ಲ ಅಂತ, ಅವಳು ಹಿತ್ತಲಿಗೆ ಹೋದಾಗ ನಾನೇ ಸುತ್ತಿ ಸ್ಕೂಟಿಯ ಹಿಂದೆ ಕಟ್ಟಿಕೊಟ್ಟೆ. ಅಕ್ಕ ಎರಡು ದಿನ ಗೊಣಗಿದಳು. ನನ್ನ ಕೌದಿ ಕೊಟ್ಟು ಸುಮ್ಮನಾಗಿಸಿದೆ.

ಎರಡು ತಿಂಗಳ ಮೇಲೆ ಹುಡುಗಿ ಮತ್ತೆ ಬಂದು ಇಬ್ಬರನ್ನೂ ಕರೆದಳು. ನೀವು ಬರಲೇಬೇಕು ಅಂತ ಹಟ. ಬಸ್ಸಿನಲ್ಲಿ ಹಾಸನಕ್ಕೆ ಹೋದೆವು.

ದೊಡ್ಡ ಹಾಲು. ನಾಲ್ಕು ಜನರ ಕೆಲಸ ಇಟ್ಟಿದ್ದರು. ಒಬ್ಬಾಕೆ ಗೋಣಿಚೀಲಕ್ಕೆ ಕೆಂಪು ದಾರದಲ್ಲಿ ಹೊಲಿಗೆ ಹಾಕಿ ತೂಗುಬಿಟ್ಟಿದ್ದಳು. ನಮ್ಮ ಮನೆಯಲ್ಲಿ ಅಂಥವು ಇಪ್ಪತ್ತಿವೆ, ಆದರೆ ಇಲಿ ತೂತಿಗೆ ಹಾಕಿದ್ದು. ಚನ್ನರಾಯಪಟ್ಟಣದ ಕಡೆಯ ಒಬ್ಬ ಗಂಡಸು ತನ್ನ ತಾಯಿಯ ಹಳೇ ಸೀರೆಯ ಮೇಲೆ ಸಾವಿರಾರು ಬಸ್ ಟಿಕೇಟು ಹೊಲಿದಿದ್ದ. ತಾಯಿ ಕೂಲಿಗೆ ಓಡಾಡಿದ ಟಿಕೇಟುಗಳಂತೆ. ಗಂಡಸಿನ ಹೊಲಿಗೆ ಅಂತ ಹುಡುಕಿ ಹುಡುಕಿ ನೋಡಿದೆ, ಒಂದು ಕಡೆಯೂ ಸೊಟ್ಟಗಿರಲಿಲ್ಲ. ಅದರ ಮುಂದೆ ಸ್ವಲ್ಪ ಹೊತ್ತು ನಿಂತೆ.

ನಮ್ಮ ಕೌದಿ ಕಿಟಕಿಗೆ ಅಡ್ಡಲಾಗಿತ್ತು. ಅರ್ಧ ಕೌದಿ ಹಾಗೇ ಇತ್ತು. ಇನ್ನರ್ಧದ ಹೊಲಿಗೆಯನ್ನು ಒಂದೊಂದಾಗಿ ಬಿಚ್ಚಿ, ಪದರಗಳನ್ನು ಬಾಳೆಯ ಪಟ್ಟೆ ಸುಲಿದ ಹಾಗೆ ಬೇರೆ ಬೇರೆ ಇಳಿಬಿಟ್ಟಿದ್ದಳು. ತುಂಡು ಬಟ್ಟೆ, ಪಂಚೆ, ಅದರ ಹಿಂದೆ ಕನಕಾಂಬರ ಬಣ್ಣ. ಹೊರಗಿನ ಬಿಸಿಲು ಅದರೊಳಗಿಂದ ಬರುತ್ತಿತ್ತು. ಬಿಚ್ಚಿದ ದಾರದ ತೂತುಗಳೆಲ್ಲ ಚುಕ್ಕಿ ಚುಕ್ಕಿಯಾಗಿ ಹೊಳೆಯುತ್ತಿದ್ದವು. ಕೌದಿ ಬಿಚ್ಚುವುದೇ ಅವಳ ಕೆಲಸ ಅಂತ ನನಗೆ ತಿಳಿದದ್ದು ಆಗ. ಇಷ್ಟು ವರ್ಷ ಕತ್ತಲಲ್ಲಿದ್ದ ಸೀರೆ, ಬಣ್ಣ ಒಂದಿಷ್ಟೂ ಮಾಸಿರಲಿಲ್ಲ. ಚೆನ್ನಾಗಿತ್ತು. ಚೆನ್ನಾಗಿರುವುದನ್ನು ಇಲ್ಲ ಅನ್ನಬಾರದು.

ಅಕ್ಕ ಹತ್ತಿರ ಹೋದಳು. ಸೆರಗಿನ ತುದಿ ಹಿಡಿದು, ಅರಿಸಿನ ದಾರದ ಇರುವೆ ಸಾಲನ್ನು ಹೆಬ್ಬೆರಳಿನಿಂದ ಸವರಿದಳು. ಅವಳ ಕೈ ಅವಳಿಗೆ ಗೊತ್ತಾಗದೆ ಇರುತ್ತದೆಯೇ?

"ಇದು ನನ್ ಸೀರೆ."

"ಊಂ."

"ನಮ್ಮಣ್ಣ ತಂದಿದ್ದು."

"ಊಂ, ಅದೇ."

"ನೀನಾ?"

"ನಾನೇ ಕಣಕ್ಕ."

ಹುಡುಗಿ ಸಂಭ್ರಮದಿಂದ ಓಡಿ ಬಂದಳು, ಕೈಯಲ್ಲೊಂದು ರಟ್ಟಿನ ಚೀಟಿ, ಪೆನ್ನು. "ದೊಡ್ಡಜ್ಜಿ, ಇದು ನಿಮ್ಮ ಸೀರೆನಾ? ಒಳಗಿದ್ದದ್ದು ಯಾರ ಸೀರೆ ಅಂತ ಕೆಳಗೆ ಬರೆದು ಅಂಟಿಸಬೇಕು ಅಂತಿದ್ದೆ. ಹೇಗೆ ಬರೀಲಿ?"

"ಕದ್ದ ಸೀರೆ ಅಂತ ಬರ್ಕೊಳವ್ವ" ಅಂದಳು ಅಕ್ಕ.

ಹುಡುಗಿ ನಕ್ಕಳು. ಆಮೇಲೆ ನಮ್ಮಿಬ್ಬರ ಮುಖ ನೋಡಿ ನಗು ನಿಲ್ಲಿಸಿದಳು. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವಳ ಮುಖ ಸಪ್ಪಗಾಯಿತು. "ತೆಗೆದುಬಿಡಲಾ ಅಜ್ಜಿ? ನಂಗೆ ಗೊತ್ತಿರಲಿಲ್ಲ" ಅಂತ ಪಿಸುಗುಟ್ಟಿದಳು. ಎರಡು ತಿಂಗಳ ಕೆಲಸ. ಅದನ್ನು ತೆಗೆದರೆ ಕಿಟಕಿ ಬಿಟ್ಟು ಬೇರೇನೂ ಉಳಿಯುತ್ತಿರಲಿಲ್ಲ.

"ಯಾಕ್ ತೆಗೀತೀಯ?" ಅಂದಳು ಅಕ್ಕ. "ಈ ವಯಸ್ನಾಗೆ ಅದನ್ನುಟ್ಕಂಡು ನಾನೆಲ್ಲಿಗೋಗ್ಲಿ? ಇರ್ಲಿ ಬುಡು. ಇಲ್ಲಿ ನಾಕ್ ಜನ ಆದ್ರೂ ನೋಡ್ತಾರೆ."

ಚೀಟಿಯಲ್ಲಿ ಹುಡುಗಿ ಏನು ಬರೆದಳೋ ನಾನು ನೋಡಲಿಲ್ಲ.

ವಾಪಸ್ಸು ಬರುವ ಬಸ್ಸಿನಲ್ಲಿ ಅಕ್ಕ ಕಿಟಕಿಯ ಪಕ್ಕ ಕೂತಳು. ಎಲೆಯಡಿಕೆ ಹಾಕಿಕೊಂಡಳು. ನನಗೆ ಕೊಡಲಿಲ್ಲ. ಆಮೇಲೆ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಅಂದಳು:

"ಅಂತೂ ನನ್ ಸೀರೇನ ನಂಗೇ ಹೊದ್ಸಿದ್ಯಲ್ಲೇ, ಕಳ್ಳಿ."

"ಬೆಚ್ಚಗಿತ್ತು ಅಂತ ನೀನೇ ಅಂದಿದ್ದೆ."

ಅವಳಿಗೆ ನಗು ಬಂತು. ತಡೆದುಕೊಂಡಳು. ಕಡೆಗೆ ನನ್ನ ಕಡೆ ತಿರುಗಿದಳು.

"ನಂದು ಬುಡು, ಒಂದ್ ಸೀರೆ ಓಯ್ತು. ಆ ಬಟ್ಟೆ ಒಗ್ಯೋಳ್ನ ಬೀದಿಯವ್ರ ಮುಂದೆ ನಿಲ್ಸಿ ಬಾಯ್ಗೆ ಬಂದಂಗೆ ಬೋದ್ನಲ್ಲ ನಾನು. ನೀ ಪಕ್ಕದಾಗೇ ನಿಂತಿದ್ದೆ."

"ನಿಂತಿದ್ದೆ."

"ಅವ್ಳು ನಿನ್ನನ್ನೇ ಕೇಳುದ್ಳು."

"ಊಂ. ನನ್ನನ್ನೇ ಕೇಳಿದ್ಳು."

ಊರು ಬಂತು. ಇಳಿಯುವಾಗ ಅಕ್ಕ ಮೊಣಕಾಲು ಹಿಡಿದುಕೊಂಡು, "ನಾಳೀಕೆ ಅರಕಲಗೂಡ್ಗೆ ಓಗನ. ನಾನೂ ಬತ್ತೀನಿ, ಬೋದವ್ಳು ನಾನು" ಅಂದಳು.

"ನೀ ಇನ್ನೊಂದಿನ ಓಗು. ನಿನ್ ಜೊತೆ ಬಂದ್ರೆ ಮತ್ತೆ ನಿನ್ ಪಕ್ಕ ನಿಂತಂಗಾಗ್ತದೆ" ಅಂದೆ. ಅವಳು ಒಪ್ಪಿದಳು.

ಮಾರನೆಯ ಬೆಳಿಗ್ಗೆ ಹಟ್ಟಿ ಗುಡಿಸಿ, ಮೈಗೆ ನೀರು ಹಾಕಿಕೊಂಡು, ಹೊಳೆನರಸೀಪುರಕ್ಕೆ ಬಂದು ಅರಕಲಗೂಡಿನ ಬಸ್ಸು ಹತ್ತಿದೆ. ಏನೂ ಕಟ್ಟಿಕೊಂಡು ಹೋಗಲಿಲ್ಲ. ಹಣ್ಣು ಕಾಯಿ ಹಿಡಿದುಕೊಂಡು ಹೋದರೆ ನೆಂಟಸ್ತನಕ್ಕೆ ಬಂದ ಹಾಗಿರುತ್ತದೆ. ಬಸ್ ಸ್ಟ್ಯಾಂಡಿನ ಹಿಂದೆ ತಗಡಿನ ಅಂಗಡಿ. ಅವಳ ತಲೆ ಪೂರ್ತಿ ಬೆಳ್ಳಗಾಗಿತ್ತು. ಇದ್ದಿಲಿನ ಇಸ್ತ್ರಿಪೆಟ್ಟಿಗೆಯಲ್ಲಿ ಯಾರದೋ ಬಿಳಿ ಅಂಗಿ ಉಜ್ಜುತ್ತಿದ್ದಳು. ಮೂರು ಜನ ಗಿರಾಕಿಗಳು ನಿಂತಿದ್ದರು. ಅವರು ಹೋಗಲಿ ಅಂತ ನಾನು ಕಾಯಲಿಲ್ಲ. ಅವಳಿಗೆ ಬೈಗುಳ ಬಿದ್ದದ್ದೂ ಜನರ ಮುಂದೆಯೇ.

"ನಾನು ಯಾರು ಗೊತ್ತಾಯ್ತಾ?"

ತಲೆ ಎತ್ತಿ ನೋಡಿದಳು. "ಗೊತ್ತಾಗ್ದೇ ಏನು."

"ಅವತ್ತು ಆ ಸೀರೆ ಕದ್ದವ್ಳು ನಾನು. ನೀನಲ್ಲ. ಗಂಟ್ನಾಗೇ ಇತ್ತು. ನಾ ಸುಳ್ಳು ಯೋಳ್ದೆ."

ಗಿರಾಕಿಗಳು ಈ ಕಡೆ ತಿರುಗಿದರು. ಅವಳು ಪೆಟ್ಟಿಗೆಯನ್ನು ಎತ್ತಿ ಕಲ್ಲಿನ ಮೇಲೆ ಇಟ್ಟಳು. ಅಂಗಿಯ ತೋಳು ಮಡಿಚಿ, ಕಾಲರು ಸರಿ ಮಾಡಿ, ಪಕ್ಕಕ್ಕೆ ಸರಿಸಿದಳು. ಕೂತುಕೋ ಅನ್ನಲಿಲ್ಲ.

"ನನ್ ಸೊಸೆ ಒಳಗವ್ಳೆ. ಅವ್ಳಿಗೆ ಕೇಳಿಸ್ಲಿಲ್ಲ. ಕರೀತೀನಿ ಇರು, ಇನ್ನೊಂದ್ ಸಲ ಯೋಳು" ಅಂದಳು.

ಸೊಸೆ ಕೈ ಒರೆಸಿಕೊಳ್ಳುತ್ತಾ ಬಂದಳು. ನಾನು ಇನ್ನೊಂದು ಸಲ ಹೇಳಿದೆ.