ಹರಗೋಲಿನ ಹುಟ್ಟು ಹಿಡಿದವರು

ಮೈಮೇಲೆ ಗಾಳಿ ಬರುವುದು, ಸತ್ತವರು ಇದ್ದವರ ಬಾಯಿಂದ ಮಾತಾಡುವುದು, ಇಂಥವನ್ನು ನಾನು ನಂಬಿದವಳಲ್ಲ. ನನ್ನ ತವರಿನ ಓಣಿಯಲ್ಲಿ ಒಬ್ಬಾಕೆಗೆ ಅಮಾವಾಸ್ಯೆಗೊಮ್ಮೆ ಮೈದುಂಬುತ್ತಿತ್ತು. ಆಕೆ ಕೂದಲು ಬಿಚ್ಚಿ ಕೂಗಾಡುವಾಗಲೂ ಯಾರ್‍ಯಾರು ನೋಡಲು ಬಂದಿದ್ದಾರೆ ಅಂತ ಓರೆಗಣ್ಣಲ್ಲಿ ಗಮನಿಸುತ್ತಿದ್ದುದನ್ನು ನಾನು ಸಣ್ಣವಳಿದ್ದಾಗಲೇ ಕಂಡಿದ್ದೆ. ಅವತ್ತಿನಿಂದ ಅಂಥ ಮಾತು ಬಂದರೆ ನಕ್ಕು ಸುಮ್ಮನಾಗುತ್ತಿದ್ದೆ. ಈಗಲೂ ನಂಬುತ್ತೇನೆ ಅಂತ ಹೇಳಲಾರೆ, ಆದರೆ ನಗುವುದನ್ನು ಬಿಟ್ಟಿದ್ದೇನೆ. ಯಾಕೆ ಅನ್ನುವುದನ್ನು ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ. ಓದಿದವರಿಗೆ ಏನಾದರೂ ಹೊಳೆದರೆ ಹೊಳೆಯಲಿ.

ಇದು ತೊಂಬತ್ತೆಂಟನೆಯ ಇಸವಿಯ ಮಾತಿರಬೇಕು. ನಾವಾಗ ಗಂಗಾವತಿಯಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ಮನೆಯವರು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು. ಮಗಳು ಸವಿತಾ ಆಗಷ್ಟೇ ಒಂದನೇ ಇಯತ್ತೆಗೆ ಹೋಗುತ್ತಿದ್ದಳು. ನನಗೆ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುವ ಕೆಲಸ ಸಿಕ್ಕಿತ್ತು. ಸಂಬಳ ದೊಡ್ಡದೇನಲ್ಲ, ಆದರೆ ಮದುವೆಯಾದ ಮೇಲೆ ನನ್ನದು ಅಂತ ಸಿಕ್ಕ ಮೊದಲನೆಯ ಕೆಲಸ ಅದು. ತೊಡಕು ಒಂದೇ: ಸಾಲಿ ಬಿಟ್ಟು ಬಂದ ಮಗಳನ್ನು ನೋಡಿಕೊಳ್ಳಲು ಮನೆಯಲ್ಲಿ ಯಾರಾದರೂ ಬೇಕು, ಇಲ್ಲವಾದರೆ ನಾನು ಕೆಲಸ ಬಿಡಬೇಕು.

ಅದಕ್ಕೇ ಬೇವೂರಿನಿಂದ ಅತ್ತೆಯನ್ನು ಕರೆಸಿಕೊಂಡಿದ್ದೆವು. ಅಲ್ಲಿ ದೊಡ್ಡ ಮಗನ ತುಂಬಿದ ಮನೆಯಲ್ಲಿ ಇದ್ದವರು. ನನಗೂ ಅವರಿಗೂ ಮೊದಲಿಂದ ಛಲೋ ಇತ್ತು. "ನಿನ್ನ ರೊಟ್ಟಿ ದಪ್ಪ ಆದ್ರೂ ಮನಸು ತೆಳ್ಳಗ ಐತಿ ತಗೋ" ಅಂತ ಚುಡಾಯಿಸುವರು. ಆದರೆ ನಮ್ಮ ಮನೆಯಲ್ಲೇ ಉಳಿಯಿರಿ ಅಂದರೆ ಮಾತ್ರ, "ನೋಡೂಣಂತ" ಅನ್ನುವರು. ಗಂಗಾವತಿ ಅವರಿಗೆ ಒಗ್ಗಿರಲಿಲ್ಲ. ಸಂಜೆಯಾದರೆ ಸೊಳ್ಳೆ, ಎರಡು ಹೊತ್ತೂ ಅನ್ನ, ಎಲ್ಲಿ ನೋಡಿದರೂ ಕೆಸರು. "ಬೆಳಿ ನಿಂತದ್ದು ನೀರಾಗೋ ಮಣ್ಣಾಗೋ ತಿಳೀವಲ್ದು" ಅಂತ ಮರಳಿ ಊರಿನ ಕಡೆಯ ಗದ್ದೆಗಳನ್ನು ನೋಡಿ ಅಂದಿದ್ದರು. ಬೇವೂರಿನ ಎರೆಹೊಲ ಬಿಟ್ಟು ಬೇರೆ ಕಂಡವರಲ್ಲ. ಮಳೆಗಾಲದಲ್ಲಿ ಒಂದೆರಡು ದಿನ ಹರಿದು ಬತ್ತುವ ಹಳ್ಳ ಬಿಟ್ಟರೆ ಹರಿಯುವ ನೀರನ್ನೇ ಕಂಡಿರಲಿಲ್ಲ.

ನಮ್ಮ ಓಣಿಯಲ್ಲಿ ನಿವೃತ್ತರಾದ ಮಾಸ್ತರೊಬ್ಬರಿದ್ದರು. ಭಾನುವಾರಕ್ಕೊಮ್ಮೆ ಟ್ರ್ಯಾಕ್ಸ್ ಗಾಡಿಯಲ್ಲಿ ಏಳೆಂಟು ಜನರನ್ನು ಕರೆದುಕೊಂಡು ಹಳೆಯ ಊರುಗಳನ್ನು ತೋರಿಸಿ ತರುತ್ತಿದ್ದರು. ಒಂದು ವಾರ ಕನಕಗಿರಿ, ಇನ್ನೊಂದು ವಾರ ಕೊಪ್ಪಳದ ಕೋಟೆ. ಏನಿದ್ದರೂ ಅರ್ಧ ದಿನ. "ಮಧ್ಯಾಹ್ನದ ಊಟ ನಿಮ್ಮ ನಿಮ್ಮ ಮನ್ಯಾಗ. ನನ್ನ ಇತಿಹಾಸ ಹಸಿದ ಹೊಟ್ಟಿಗೆ ಇಳಿಯೂದಿಲ್ಲ" ಅನ್ನುವರು. ಆ ವಾರ ಆನೆಗೊಂದಿ ಅಂದದ್ದಕ್ಕೆ, ಅತ್ತೆಗೆ ಈ ಸೀಮೆ ಸ್ವಲ್ಪ ಹಿಡಿಸಲಿ ಅಂತ ನಾವೂ ಹೊರಟೆವು. ನಿಜ ಹೇಳಬೇಕೆಂದರೆ ಅವತ್ತಿನ ತಿರುಗಾಟ ಪೂರಾ ಅತ್ತೆಯನ್ನು ಉಳಿಸಿಕೊಳ್ಳುವುದಕ್ಕೇ ಇತ್ತು.

ದೀಪಾವಳಿ ಮುಗಿದು ಚಳಿ ಹಿಡಿದ ದಿನಗಳು. ನಾನು ಬೆಳಗಾಗುವ ಮೊದಲೇ ಎದ್ದು ಮಂಡಕ್ಕಿ ಒಗ್ಗರಣೆ ಹಾಕಿ ಡಬ್ಬಿ ತುಂಬಿದ್ದೆ. ಆನೆಗೊಂದಿಯ ಹಳೆಯ ಅರಮನೆ, ಕೋಟೆಬಾಗಿಲು ನೋಡಿದೆವು. ಮಾಸ್ತರು ಕೈ ಬೀಸಿ ಬೀಸಿ ಅರಸರ ಕತೆ ಹೇಳುತ್ತಿದ್ದರೆ ಅತ್ತೆ ಮೆಲ್ಲಗೆ, "ಇಷ್ಟ ದೊಡ್ಡ ಮನಿ ಕಸ ಹೊಡಿಯಾಕ ಎಷ್ಟ ಮಂದಿ ಇದ್ರಂತ ಕೇಳ" ಅಂದರು. ಮಾಸ್ತರಿಗೆ ಅದು ಕೇಳಿಸಿ ಅವರೂ ನಕ್ಕರು. ಅಲ್ಲಿಂದ ಹೊಳೆಗೆ ಇಳಿದೆವು. "ಸಮುದ್ರ ನೋಡಾಕ ಅಂತ ಕಾರವಾರಕ್ಕ ಯಾಕ ಹೋಗತೀರಿ, ನಮ್ಮ ಸಮುದ್ರ ಇದಽ ನೋಡ್ರಿ" ಅಂದರು ಮಾಸ್ತರು. ಅತ್ತೆ ಸೆರಗು ತಲೆ ಮೇಲೆ ಹೊದ್ದುಕೊಂಡು ನಿಂತರು. ಆಮೇಲೆ ಚೀಲದಿಂದ ಅರಿಸಿನ, ಕುಂಕುಮ, ಎಲೆ, ಅಡಿಕೆ, ರವಿಕೆ ಹೊಲಿಯುವ ಒಂದು ಕುಬಸದ ಕಣ ತೆಗೆದು ನನ್ನ ಕೈಗಿಟ್ಟರು. "ಗಂಗವ್ವಗ ಉಡಿ ತುಂಬು. ಗಂಡನ ಕಳಕೊಂಡಾಕಿ ನಾ, ಹಿಂದ ನಿಂದರ್ತೀನಿ." ನಾನು ನೀರಿಗೆ ಉಡಿ ತುಂಬಿದೆ. ಅತ್ತೆ ನನ್ನ ಬೆನ್ನ ಹಿಂದೆ ಕೈ ಮುಗಿದರು.

ಆಚೆ ದಂಡೆಯ ಕಲ್ಲುಮಂಟಪ ನೋಡಲು ಹರಗೋಲಿನಲ್ಲಿ ದಾಟಬೇಕಿತ್ತು. ಹರಗೋಲು ಅಂದರೆ ಗೊತ್ತಲ್ಲ, ದೊಡ್ಡ ಬುಟ್ಟಿಯಂಥ ದುಂಡನೆಯ ದೋಣಿ. ಅದು ಸಣ್ಣದಿತ್ತು. ಮೊದಲ ಸಲಕ್ಕೆ ಮಾಸ್ತರು, ಅತ್ತೆ, ಮಗಳು, ನಾನು ಹತ್ತಿದೆವು. ಮನೆಯವರೂ ಉಳಿದವರೂ ಎರಡನೆಯ ಸಲಕ್ಕೆ ಬರುವುದೆಂದು ದಂಡೆಯಲ್ಲೇ ನಿಂತರು. ಅಂಬಿಗ ಹನುಮಂತಪ್ಪ ಅಂತ, ಗಟ್ಟಿಮುಟ್ಟಾದ ಆಳು. ಅತ್ತೆ ನನ್ನ ಎದುರಿಗೆ ಅಂಚನ್ನು ಎರಡೂ ಕೈಯಿಂದ ಹಿಡಿದು ಕಣ್ಣು ಮುಚ್ಚಿ ಕುಂತಿದ್ದರು.

ನಡುಹೊಳೆಗೆ ಬಂದಾಗ ಹನುಮಂತಪ್ಪ ಹುಟ್ಟು ಹಾಕುವುದನ್ನು ನಿಲ್ಲಿಸಿದ. ಹಣೆ ಒರೆಸಿಕೊಂಡ. "ಯಾಕೋ ಕಣ್ಣಿಗೆ ಕತ್ಲಿ ಬಂತ್ರಿ" ಅಂದವನೇ ಒಳಗೇ ಕುಸಿದ. ಹುಟ್ಟು ಪುಣ್ಯಕ್ಕೆ ನೀರಿಗೆ ಬೀಳದೆ ಹರಗೋಲಿನೊಳಗೇ ಬಿತ್ತು. ಮಾಸ್ತರು ಅವನ ತಲೆ ತೊಡೆಯ ಮೇಲಿಟ್ಟುಕೊಂಡು ಬಗ್ಗಿ "ಹನುಮಂತಪ್ಪಾ, ಹನುಮಂತಪ್ಪಾ" ಅನ್ನುತ್ತಿದ್ದರು. ಬಗ್ಗುವಾಗ ಅವರ ಚಸ್ಮಾ ಹೊಳೆಗೆ ಬಿತ್ತು. ಹರಗೋಲು ಗಿರಗಿರ ತಿರುಗತೊಡಗಿತು. ಬಂಡೆ, ದಂಡೆ, ಬಂಡೆ, ದಂಡೆ ಅಂತ ಸುತ್ತಲೂ ಎಲ್ಲ ತಿರುಗಿತು. ಕೆಳಗಡೆ ಬಂಡೆಗಳ ಸಂದಿಯಲ್ಲಿ ನೀರು ನೊರೆ ಕಾರುತ್ತಿದ್ದುದು ಕಾಣಿಸುತ್ತಿತ್ತು. ಮಗಳನ್ನು ಎಳೆದು ತಬ್ಬಿಕೊಂಡೆ. ಮಗಳು ಹೋದಳು, ನಾವೆಲ್ಲ ಹೋದೆವು ಅಂತಲೇ ಅಂದುಕೊಂಡೆ.

ಆಗ ಅತ್ತೆ ಎದ್ದು ನಿಂತರು. ಇದನ್ನು ನಾನು ಕಣ್ಣಾರೆ ಕಂಡೆ. ತಿರುಗುವ ಹರಗೋಲಿನಲ್ಲಿ, ಹೊಲದ ಬದುವಿನ ಮೇಲೆ ನಿಂತ ಹಾಗೆ, ಅಲುಗದೆ ನಿಂತರು. ಸೆರಗಿನ ತುದಿಯನ್ನು ನೀರಿಗೆ ಅದ್ದಿ ಹುಟ್ಟಿನ ಹಿಡಿಗೆ ಎರಡು ಸುತ್ತು ಸುತ್ತಿದರು. ಆಮೇಲೆ ಹುಟ್ಟು ನೀರಿಗಿಟ್ಟರು. ಅವಸರವಿಲ್ಲ. ಒಂದೆರಡು ಸಲ ಎಳೆದದ್ದಕ್ಕೇ ತಿರುಗುವುದು ನಿಂತಿತು. "ಎಮ್ಮಿಗುಂಡು ಬಲಕ್ಕ ಬಿಡಬೇಕು" ಅಂದರು, ಯಾರಿಗೋ ಕೆಲಸ ಕಲಿಸುವವರ ಹಾಗೆ. ಅಲ್ಲಿ ನನಗೆ ಯಾವ ಗುಂಡುಗಲ್ಲೂ ಕಾಣಲಿಲ್ಲ, ಬರೀ ನೀರು. ಹರಗೋಲು ಓರೆಯಾಗಿ ಹರಿದು, ನಾವು ಹತ್ತಿದ ದಂಡೆಗೇ ಸ್ವಲ್ಪ ಕೆಳಗೆ ಮರಳಿಗೆ ತಾಗಿತು. ನಾನು ಮಗಳ ಕೂದಲಿಗೆ ಮುಖ ಒತ್ತಿಕೊಂಡೆ. ತಲೆ ಎತ್ತಿದಾಗ ಅತ್ತೆ ಮೊದಲಿನ ಜಾಗದಲ್ಲೇ ಕುಂತಿದ್ದರು. ಹುಟ್ಟು ಅಡ್ಡ ಬಿದ್ದಿತ್ತು.

ಮನೆಯವರು ಓಡಿ ಬಂದರು. ಹನುಮಂತಪ್ಪನ ಮುಖಕ್ಕೆ ನೀರು ಚಿಮುಕಿಸಿ ಒಂದು ಚೂರು ಬೆಲ್ಲ ಬಾಯಿಗಿಟ್ಟರು. ಅವನಿಗೆ ತಿಳಿವಳಿಕೆ ಬಂತು. ಎದ್ದವನೇ ಕೇಳಿದ್ದು, "ಕಣ್ಣು ಕತ್ಲಿ ಆದ್ರೂ ಕಿವಿಗೆ ಬಿತ್ತು, ನಿಮ್ಮಾಗ ಎಮ್ಮಿಗುಂಡು ಅಂದಾಕಿ ಯಾರವ್ವಾ?"

ನಾನು ಅತ್ತೆಯ ಕಡೆ ನೋಡಿದೆ. ಅತ್ತೆ ನನ್ನನ್ನೇ ನೋಡುತ್ತಿದ್ದರು. ದಣಿದಿದ್ದಾರೆ, ಅಂಜಿದ್ದಾರೆ ಅಂದುಕೊಂಡೆ.

"ಆ ಗುಂಡು ನೀರಿನ ಕೆಳಗ ಇರತೈತ್ರಿ. ನಾವು ಅಂಬಿಗರ ಮನಿಯವರ್ನ ಬಿಟ್ಟು ಅದರ ಹೆಸರು ಯಾರಿಗೂ ಗೊತ್ತಿಲ್ಲ" ಅಂದ. ಹಿಡಿಗೆ ತೊಯ್ದ ಅರಿವೆ ಸುತ್ತಿದ್ದನ್ನು ನಾನು ಹೇಳಿದೆ. ಅವನು ಹುಟ್ಟಿನ ಹಿಡಿ ಸವರಿ ನೋಡಿ, "ನಮ್ಮ ಮುತ್ಯಾ ಹಂಗ ಮಾಡತಿದ್ದ. ಈಗ ಯಾರೂ ಮಾಡೂದಿಲ್ರಿ" ಅಂದ. ಮಾಸ್ತರನ್ನು ಕೇಳಿದರೆ, "ಚಸ್ಮಾ ಹೋದ ಮ್ಯಾಲೆ ನನಗ ಇವನ ಮೂಗಽ ನೆಟ್ಟಗ ಕಂಡಿಲ್ಲ ತಂಗಿ" ಅಂದರು. ಮನೆಯವರಿಗೆ ದಂಡೆಯಿಂದ ನೀರ ಮೇಲಿನ ಬಿಸಿಲು ಬಿಟ್ಟರೆ ಬೇರೇನೂ ಸರಿಯಾಗಿ ಕಂಡಿರಲಿಲ್ಲ. ಯಾರೋ ಹೆಣ್ಣುಮಗಳು ಎದ್ದು ನಿಂತಂತಾಯಿತು ಅಂದರು. ಅತ್ತೆಯ ಸೆರಗು ತೊಯ್ದಿತ್ತು. ನನ್ನದೂ ತೊಯ್ದಿತ್ತು, ಒಳಗೆಲ್ಲ ನೀರು ಸಿಡಿದಿತ್ತಲ್ಲ.

ಗಾಡಿಯಲ್ಲಿ ಅತ್ತೆ ಮಗಳನ್ನು ನನ್ನ ಮಡಿಲಿಂದ ಎತ್ತಿ ತಮ್ಮ ಮಡಿಲಿಗೆ ಹಾಕಿಕೊಂಡರು. ಮನೆಗೆ ಬಂದು ಬಿಸಿ ಅನ್ನ, ಸಾರು ಬಡಿಸಿದೆ. ಮುಟ್ಟಲಿಲ್ಲ. ಊರಿಂದ ತಂದಿದ್ದ ಕಟಕ ರೊಟ್ಟಿಯನ್ನು ನೀರಿಗೆ ಅದ್ದಿ ತಿಂದರು. ರಾತ್ರಿ ನನ್ನ ರಟ್ಟೆ ಭಾಳ ನೋಯುತ್ತಿತ್ತು. ಮಗಳನ್ನು ಬಿಗಿಯಾಗಿ ಹಿಡಿದಿದ್ದಕ್ಕೆ ಅಂತ ಎಣ್ಣೆ ಹಚ್ಚಿಕೊಂಡು ಮಲಗಿದೆ. ಬೆಳಿಗ್ಗೆ ಏಳುವಷ್ಟರಲ್ಲಿ ಅತ್ತೆ ಚೀಲ ಕಟ್ಟಿಟ್ಟಿದ್ದರು.

"ಊರಿಗೆ ಹೋಕ್ಕೀನಿ" ಅಂದರು ಮಗನಿಗೆ.

"ಯಾಕಬೇ, ಏನಾತು?"

"ಏನಿಲ್ಲ. ಬಿಳಿಜ್ವಾಳದ ಎಡಿ ಹೊಡದು ಕಸ ತಗಿಯೂದೈತಿ."

"ಅಣ್ಣ ಅದಾನಲ್ಲ ಅಲ್ಲಿ."

"ಅವಗ ಏನ ತಿಳಿತೈತಿ" ಅಂದು ಹೊಸ್ತಿಲು ದಾಟಿಯೇ ಬಿಟ್ಟರು. ಹೋಗುವಾಗ ನನ್ನ ಕಡೆ ತಿರುಗಿ, "ಬರ್ತೀನ್ರಿ" ಅಂದರು. ಅತ್ತೆ ಸೊಸೆಗೆ ಹಾಗೆ ‘ರಿ’ ಹಚ್ಚಿ ಅನ್ನುವುದನ್ನು ನಾನು ಎಲ್ಲೂ ಕೇಳಿರಲಿಲ್ಲ. ಸಿಟ್ಟಿಗೆ ಅಂದರು ಅಂತ ನಾನು ಆ ದಿನ ಪೂರಾ ಅಳುತ್ತ ಕುಂತೆ.

ಮುಂದೆ ಮೂರ್ನಾಲ್ಕು ತಿಂಗಳು ಅಕ್ಕಪಕ್ಕದವರ ಕೈಕಾಲು ಹಿಡಿದು ಮಗಳನ್ನು ಬಿಟ್ಟುಹೋಗಿ ಹೇಗೋ ನಡೆಸಿದೆ. ಕಡೆಗೆ ಕೆಲಸ ಬಿಟ್ಟೆ. ಅದರ ಸಂಕಟ ಒಂದು ಕಡೆ, ಅತ್ತೆಯ ಸಂಕಟ ಇನ್ನೊಂದು. ಬೇವೂರಿಗೆ ಹೋದಾಗೆಲ್ಲ ನನ್ನನ್ನು ಬೀಗರ ಹಾಗೆ ಚಾಪೆ ಹಾಸಿ ಕೂಡ್ರಿಸುವರು. ಅಡುಗೆಮನೆಗೆ ಹೋದರೆ, "ನೀವ್ಯಾಕ ಬಂದ್ರಿ, ಕೂಡ್ರಿ" ಅನ್ನುವರು. ನಾನು ಬಡಿದ ರೊಟ್ಟಿಯನ್ನು ಮತ್ತೆ ಅವರು ತಿನ್ನಲಿಲ್ಲ. ನಮ್ಮ ಮನೆಗಂತೂ ಕಾಲಿಡಲೇ ಇಲ್ಲ. ಅವತ್ತು ತನ್ನ ಕೈಯಿಂದ ಆಗಬಾರದ್ದು ಆಯಿತು, ಅದನ್ನು ಸೊಸೆ ಕಂಡಳು ಅಂತ ನಾಚಿಕೆ ಇರಬೇಕು ಅಂತ ನಾನು ತಿಳಿದಿದ್ದೆ. ಮನಸ್ಸಿಗೆ ಸಮಾಧಾನಕ್ಕೆ ಕಾರಣಗಳನ್ನೂ ಹುಡುಕಿದ್ದೆ. ಜೀವನಪೂರ್ತಿ ಬೀಸುವ ಕಲ್ಲು ತಿರುವಿದ ಕೈ, ಹುಟ್ಟು ತಿರುವುವುದು ಅವರಿಗೇನು ಕಷ್ಟ ಅಂತ. ಎಮ್ಮಿಗುಂಡಿನ ಮಾತಿಗೆ ಮಾತ್ರ ನನ್ನ ಹತ್ತಿರ ಏನೂ ಇರಲಿಲ್ಲ.

ಹತ್ತು ಹನ್ನೆರಡು ವರ್ಷ ಹೀಗೇ ಕಳೆಯಿತು. ಅತ್ತೆ ಹಾಸಿಗೆ ಹಿಡಿದಾಗ ನಾನು ಹೋಗಿ ವಾರವಿಡೀ ಇದ್ದೆ. ಬೇಡವೆನ್ನುವ ಶಕ್ತಿ ಅವರಿಗೂ ಇರಲಿಲ್ಲ. ಒಂದು ಮಧ್ಯಾಹ್ನ ಅವರ ತಲೆ ಬಾಚುತ್ತ, ಇನ್ನು ಕೇಳದಿದ್ದರೆ ಎಂದೂ ಕೇಳುವುದಿಲ್ಲ ಅನ್ನಿಸಿ ಕೇಳಿದೆ. "ಅತ್ತಿ, ಅವತ್ತ ಹೊಳ್ಯಾಗ ಹುಟ್ಟು ಹಾಕೂದು ನಿಮಗ ಹೆಂಗ ಬಂತ್ರಿ? ಅದನ್ನ ಮನಸಿಗೆ ಹಚಕೊಂಡು ನಮ್ಮನಿ ಬಿಟ್ರಲ್ರಿ."

ಅತ್ತೆ ತಲೆ ಹೊರಳಿಸಿ ನನ್ನನ್ನು ನೋಡಿದರು. ಅದು ಹೊಳೆದಂಡೆಯಲ್ಲಿ ನೋಡಿದ ನೋಟವೇ.

"ನನ್ನ ಕೇಳತೀಯಲ್ಲ" ಅಂದರು. ಎಷ್ಟೋ ವರ್ಷಗಳ ಮೇಲೆ ನನಗೆ ನೀ ಅಂದದ್ದು. "ನಾ ಕೂಸಿನ ಹಿಡಕೊಂಡು ಕುಂತಿದ್ನಿ. ಎದ್ದು ನಿಂತಾಕಿ ನೀನು. ಸೆರಗು ತೊಯ್ಸಿ ಸುತ್ತಿದಾಕಿ ನೀನು. ನಿನ್ನ ಬಾಯಾಗ ಬ್ಯಾರೆ ಧ್ವನಿ ಕೇಳಿದ್ನಿ. ಒಳಗ ಯಾರ ಅದಾರ, ನಿನಗ ಏನಂತ ಕರಿಯಲಿ ಅಂತ ತಿಳೀದಽ ನಾ ಇಷ್ಟ ದಿನ..." ಅಂದು ನಿಲ್ಲಿಸಿದರು.

ನಾನು ಅಲ್ಲ ಅಂತ ಆಣೆ ಇಟ್ಟು ಹೇಳಿದೆ. ಹೇಳುತ್ತ ಹೇಳುತ್ತ ಅವತ್ತು ರಾತ್ರಿ ರಟ್ಟೆ ನೋಯುತ್ತಿದ್ದುದು ನೆನಪಾಗಿ ನನ್ನ ದನಿ ನನಗೇ ಗಟ್ಟಿಯಾಗಿ ಬರಲಿಲ್ಲ. ಅತ್ತೆ ನನ್ನ ಕೈಯನ್ನು ಒಂದು ಗಳಿಗೆ ಹಿಡಿದರು, ಬಿಟ್ಟರು. ನಂಬಿದರೋ ಇಲ್ಲವೋ ಗೊತ್ತಾಗಲಿಲ್ಲ. ಆ ತಿಂಗಳೇ ತೀರಿಕೊಂಡರು.

ದಿನಕರ್ಮ ಮುಗಿಸಿ ಬಂದ ಮೇಲೆ ಒಂದು ಸಂಜೆ ಅವರೆಕಾಯಿ ಸುಲಿಯುತ್ತ ಈ ಮಾತನ್ನು ಮಗಳ ಮುಂದೆ ತೆಗೆದೆ. ಆಗ ಅವಳು ಕಾಲೇಜಿಗೆ ಹೋಗುತ್ತಿದ್ದಳು. ಇಷ್ಟು ವರ್ಷ ಅವಳನ್ನು ಕೇಳಬೇಕು ಅಂತ ನಮಗೆ ಯಾರಿಗೂ ಹೊಳೆದಿರಲಿಲ್ಲ. ಸಣ್ಣ ಕೂಸು, ಮುಖ ಮುಚ್ಚಿಕೊಂಡಿತ್ತು ಅಂತ ಬಿಟ್ಟಿದ್ದೆವು.

ಅವಳು ಕಾಯಿ ಸುಲಿಯುವುದನ್ನು ನಿಲ್ಲಿಸಲಿಲ್ಲ. "ನೀವಿಬ್ರೂ ಕುಂತಿದ್ರೆಲ್ಲವ್ವಾ. ನೀ ನನ್ನ ತಲಿ ಒತ್ತಿ ಹಿಡಿದಿದ್ದಿ. ಆಯಿ ನನ್ನ ಎರಡೂ ಕಾಲು ಹಿಡಕೊಂಡಿದ್ಳು, ಆಕಿ ಉಗುರು ಒತ್ತಿ ನೋಯತಿತ್ತು. ನಿಂತಾಕಿ ಯಾರು ಅಂತ ಮನಿಗೆ ಬಂದು ನಿನ್ನ ಕೇಳಬೇಕಂದಿದ್ನಿ. ಆಯಿ ಹೋಗಿಬಿಟ್ಳು, ನೀ ಅಳಕೋತ ಕುಂತಿ. ನಾ ಸುಮ್ಮನಾದ್ನಿ."

"ನೋಡಾಕ ಹೆಂಗಿದ್ಳು?" ಅಂದೆ.

"ಬೆನ್ನಷ್ಟ ಕಂಡಿತ್ತು" ಅಂದಳು.

ಇದರ ಮೇಲೆ ನನಗೆ ತಿಳಿದದ್ದು ಏನೂ ಇಲ್ಲ. ಹುಟ್ಟು ಹಿಡಿದ ಅತ್ತೆಯ ಮುಖ ಇವತ್ತಿಗೂ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಹಣೆಯ ಸುಕ್ಕೂ ನೆನಪಿದೆ. ಅದು ಸುಳ್ಳು ಅನ್ನಲಾರೆ. ಅತ್ತೆಯೂ ಸುಳ್ಳು ಹೇಳುವವರಲ್ಲ. ಒಂದೇ ಹರಗೋಲಿನಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿ ಕುಂತಿದ್ದ ನಾವಿಬ್ಬರು, ನಮ್ಮ ಜೀವ ಉಳಿದದ್ದಕ್ಕೆ ಒಬ್ಬರಿಗೊಬ್ಬರು ಹೆದರಿ, ಉಳಿದ ಆಯುಷ್ಯ ದೂರ ದೂರ ಕಳೆದೆವು. ಅವತ್ತೇ ಮಗಳನ್ನು ಒಂದು ಮಾತು ಕೇಳಿದ್ದರೆ ಅತ್ತೆ ನಮ್ಮ ಮನೆಯಲ್ಲಿ ಉಳಿಯುತ್ತಿದ್ದರು ಅಂತ ಒಮ್ಮೊಮ್ಮೆ ಹಳಹಳಿಸುತ್ತೇನೆ. ಕೇಳಿದ್ದರೆ, ಅವಳು ಹೇಳಿದ ಆ ಬೆನ್ನನ್ನು ನೆನೆದು ಮೂವರೂ ಆ ಮನೆಯಲ್ಲಿ ಹೇಗೆ ಮಲಗುತ್ತಿದ್ದೆವೋ, ಅದನ್ನೂ ಯೋಚಿಸುತ್ತೇನೆ.