ಮಠದಲ್ಲಿ ಕೊಟ್ಟ ಲಾರಿ ಕೀ

ಇನ್ನು ಮಾತ್ರೆ ಮುಟ್ಟುವುದಿಲ್ಲ ಎಂದು ನನ್ನ ತಮ್ಮ ಊರ ಮಠದಲ್ಲಿ ಗದ್ದುಗೆ ಮುಟ್ಟಿ ಆಣೆ ಮಾಡಿದ. ಅಜ್ಜಂಪುರದ ಈರುಳ್ಳಿಯನ್ನು ದೂರದ ಮಂಡಿಗಳಿಗೆ ಸಾಗಿಸುವವನು, ನಿದ್ದೆ ಹತ್ತದಿರಲೆಂದು ಎರಡು ವರ್ಷ ಉತ್ತೇಜಕ ಮಾತ್ರೆ ನುಂಗಿದ್ದ. ಬಿಟ್ಟು ಐದು ವಾರವಾಗಿತ್ತು. ಆಣೆಯಾದದ್ದೇ ತಡ, ನಮ್ಮಪ್ಪಾಜಿ ಊರ ಹಿರಿಯರ ಎದುರಿಗೇ, ಅವನಿಂದ ಕಿತ್ತಿಟ್ಟುಕೊಂಡಿದ್ದ ಲಾರಿ ಕೀ ತೆಗೆದು ಅವನ ಕೈಗಿಟ್ಟರು. ಆಣೆ ಮಾಡಿದವನನ್ನು ನಂಬದಿದ್ದರೆ ಗದ್ದುಗೆಯನ್ನೇ ನಂಬದಂತೆ, ನಮ್ಮ ಕಡೆ.

ನನಗೆ ಮೈ ಉರಿಯಿತು. ಪ್ರಯೋಗಾಲಯದಲ್ಲಿ ಇಲಿಗಳ ಮೆದುಳು ನೋಡಿ ಸಂಬಳ ತಿನ್ನುವವಳು ನಾನು. ಮಾತ್ರೆ ಒಳಗೆ ಹೋದರೆ, ಮೆದುಳಿನಲ್ಲಿ ಸುಖ ಮತ್ತೆ ಬೇಕೆನಿಸುವ ಜಾಗದಲ್ಲಿ ಡೋಪಮೈನ್ ಎಂಬ ರಾಸಾಯನಿಕ ಉಕ್ಕುತ್ತದೆ. ಆ ಸುದ್ದಿಯನ್ನು ಜೀವಕೋಶದೊಳಗೆ ಪ್ರೋಟೀನುಗಳು ಒಂದರಿಂದ ಒಂದಕ್ಕೆ ದಾಟಿಸುತ್ತವೆ. ಅವುಗಳ ಚಟುವಟಿಕೆ ಬಹುಮಟ್ಟಿಗೆ ಗಂಟೆಗಳಲ್ಲಿ ತಣ್ಣಗಾಗುತ್ತದೆ. ಒಂದು ಪ್ರೋಟೀನು ಮಾತ್ರ ದಿನದಿನಕ್ಕೂ ಕೂಡಿಕೊಂಡು, ಮಾತ್ರೆ ಬಿಟ್ಟ ಮೇಲೂ ವಾರಗಟ್ಟಲೆ ಉಳಿದು, ಜೀನುಗಳ ಕೆಲಸವನ್ನೇ ಬದಲಿಸುತ್ತದೆ. ಅದು ಕರಗಿದರೂ ಹಳೆಯ ಜಾಗದ ನೆನಪು ಕರಗುವುದಿಲ್ಲ. ತಿಂಗಳು ಮದ್ದಿಲ್ಲದೆ ಇದ್ದ ಇಲಿಯನ್ನು ಹಳೆಯ ಗೂಡಿಗೆ ಬಿಟ್ಟರೆ, ಮದ್ದು ಸಿಗುತ್ತಿದ್ದ ಗುಂಡಿ ಒತ್ತಲು ನೇರ ಓಡುತ್ತದೆ. ಇಷ್ಟೆಲ್ಲ ತಿಳಿದೂ ಮಠದಲ್ಲಿ ತುಟಿ ಪಿಟಕ್ಕೆನ್ನಲಿಲ್ಲ.

ಮರುದಿನ ಬೆಳಿಗ್ಗೆ ಕಡೂರಿನಲ್ಲಿ ರೈಲು ಹಿಡಿಯುವ ನೆಪದಲ್ಲಿ ನಾನೂ ಲಾರಿ ಹತ್ತಿದೆ. ಅವನು ಮಾತ್ರೆ ಕೊಳ್ಳುತ್ತಿದ್ದ ಟೀ ಅಂಗಡಿ ಆ ದಾರಿಯಲ್ಲೇ ಇತ್ತು. ಬೀರೂರು ದಾಟುತ್ತಲೇ ಅವನು ಲಾರಿಯ ವೇಗ ತಗ್ಗಿಸಿದ. ಹಣೆಯಲ್ಲಿ ಬೆವರು, ಸ್ಟಿಯರಿಂಗ್ ಮೇಲೆ ಹೆಬ್ಬೆರಳು ಒಂದೇ ಸಮನೆ ಉಜ್ಜುತ್ತಿತ್ತು. ಅಂಗಡಿಯ ತಗಡು ಕಂಡದ್ದೇ ಲಾರಿಯನ್ನು ಪಕ್ಕಕ್ಕೆಳೆದು ನಿಲ್ಲಿಸಿದ.

"ಅಕ್ಕ, ಕೀ ತಗೊಂಡು ಬ್ಯಾಗೊಳಗೆ ಹಾಕ್ಕೊ. ಕೆಳಗಿಳಿಯಕ್ಕೆ ಬಿಡಬ್ಯಾಡ ನನ್ನ."

"ಅಪ್ಪಾಜಿಗೆ ಫೋನ್ ಮಾಡ್ಲೇನೋ?"

"ಆಣೆ ಮುರ್ದ ಅಂತಾರೆ. ಅಂದ್ಕಳ್ಳಿ, ಮಾಡು."

ಕೀ ಬ್ಯಾಗಿಗೆ ಹಾಕಿಕೊಂಡು ಫೋನ್ ಮಾಡಿದೆ. ಕಾಯುವ ಹೊತ್ತಿನಲ್ಲಿ ಅವನು ಎರಡು ಸಲ ಕೀ ಕೇಳಿದ. ಮೊದಲ ಸಲ ಬೇಡಿದ. ಎರಡನೆಯ ಸಲ ನನ್ನ ರಟ್ಟೆ ಹಿಡಿದು ತಿರುಚಿದ, ಆಮೇಲೆ ತಾನೇ ಬಿಟ್ಟು ಮುಖ ಮುಚ್ಚಿಕೊಂಡ. ಹುಟ್ಟಿದಾಗಿನಿಂದ ನೋಡಿದ ತಮ್ಮನನ್ನು ಕಂಡು ನನಗೆ ಮೊದಲ ಬಾರಿ ಹೆದರಿಕೆಯಾಯಿತು.

ಅಪ್ಪಾಜಿ ಯಾರದೋ ಬೈಕಿನ ಹಿಂದೆ ಕೂತು ಬಂದರು.

"ಮಾತ್ರೆ ತಗಂಡ್ನಾ?"

"ಇಲ್ಲ."

ರಸ್ತೆ ಬದಿಯಲ್ಲೇ ಎಲ್ಲವನ್ನೂ ಹೇಳಿದೆ. ಪ್ರೋಟೀನು, ಇಲಿ, ಹಳೆಯ ಗೂಡು. ಅವರು ಅಡ್ಡ ಮಾತಾಡದೆ ಕೇಳಿದರು.

"ಇದು ನಿಂಗೆ ನೆನ್ನೆ ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ತೆ ಮಠದಾಗೆ ಯಾಕವ್ವ ಹೇಳ್ಲಿಲ್ಲ?"

"ನಾಕು ಜನದ ಮುಂದೆ ನಿಮ್ ಮಾತು ತೆಗೆದು ಹಾಕಬಾರ್ದು ಅಂತ."

ಅಪ್ಪಾಜಿ ಲಾರಿಯೊಳಗೆ ಮುಖ ಮುಚ್ಚಿಕೊಂಡು ಕೂತ ಮಗನನ್ನು ನೋಡಿದರು, ಆಮೇಲೆ ನನ್ನನ್ನು.

"ನನ್ ಮರ್ವಾದೆ ಉಳ್ಸಕ್ಕೆ ನೀನು ಗೊತ್ತಿದ್ದೂ ಇವನ್ನ ಇಲ್ಲಿಗೆ ಕಳ್ಸಿದೆ ಅನ್ನು."