ಫೇಲ್ ಮಾಡಿದವರ ಶಿಫಾರಸು

ನಮ್ಮಕ್ಕ ಕಾಲೇಜಿನ ಲ್ಯಾಬಿನಲ್ಲಿ ಗಾಜಿನ ಕೊಳವೆ ತೊಳೆಯುತ್ತಲೇ ಡಿಗ್ರಿ ಮುಗಿಸಿದವಳು. ಎಂ.ಎಸ್ಸಿ. ಅರ್ಜಿಗೆ ಶಿಫಾರಸು ಪತ್ರ ಬೇಕಾದಾಗ, ಪ್ರಿನ್ಸಿಪಾಲರನ್ನೇ ಕೇಳು ಎಂದು ಮನೆಯವರೆಲ್ಲ ದುಂಬಾಲು ಬಿದ್ದೆವು.

"ಅವರು ಎಲ್ಲರಿಗೂ ಒಂದೇ ಕಾಗದ ಕೊಡ್ತಾರೆ, ಹೆಸರು ಮಾತ್ರ ಬೇರೆ. ನನ್ನ ಕೆಲಸ ಅವರೇನು ಕಂಡಿದಾರೆ?" ಎಂದು ಸಿಡುಕಿದಳು. ನೇರವಾಗಿ ಹೋಗಿದ್ದು ತನ್ನನ್ನು ಒಮ್ಮೆ ಫೇಲ್ ಮಾಡಿದ್ದ ಕೆಮಿಸ್ಟ್ರಿ ಮೇಡಂ ಬಳಿಗೆ.

"ಅಲ್ಲಮ್ಮಾ, ಹೋಗಿ ಹೋಗಿ ನನ್ನನ್ನ ಕೇಳ್ತೀಯಲ್ಲ!" ಎಂದರಂತೆ ಮೇಡಂ.

"ನನ್ನ ತಪ್ಪು ನಿಮ್ಮಷ್ಟು ಇನ್ಯಾರಿಗೆ ಗೊತ್ತು ಮೇಡಂ?"

ಎಂ.ಎಸ್ಸಿ. ಸಂದರ್ಶನದಲ್ಲಿ ಹಿರಿಯ ಪ್ರೊಫೆಸರೊಬ್ಬರು ಮೇಡಂ ಬರೆದುಕೊಟ್ಟ ಪತ್ರವನ್ನು ಗಟ್ಟಿಯಾಗಿ ಓದಿದರು: "ಒಂದು ಪ್ರಯೋಗದಲ್ಲಿ ಇವಳನ್ನು ನಾನು ಫೇಲ್ ಮಾಡಿದೆ. ಅದೇ ಪ್ರಯೋಗವನ್ನು ಹನ್ನೊಂದು ಸಲ ಮಾಡಿ, ನಾನು ಬೋರ್ಡಿನ ಮೇಲೆ ಬರೆದಿದ್ದ ಅಳತೆಯೇ ತಪ್ಪೆಂದು ತೋರಿಸಿಕೊಟ್ಟಳು."

ಆಮೇಲೆ ಅವರು ಕೇಳಿದ್ದು ಒಂದೇ ಪ್ರಶ್ನೆ: "ಯಾವತ್ತಿಂದ ಬರ್ತೀಯಮ್ಮ?"